ತಲೆಗೊಂದು ರಿಂಗು

ಆ ಮನೆಯಲ್ಲಿ ಎಷ್ಟು ಜನರಿದ್ದಾರೆಂದು ತಿಳಿಯಲು ಒಳಗೆ ಹೋಗಿ ಎಣಿಸಬೇಕಾಗಿರಲಿಲ್ಲ. ಪಾಯಿಖಾನೆ ಗುಂಡಿಯ ರಿಂಗುಗಳನ್ನು ಎಣಿಸಿದರೆ ಸಾಕಿತ್ತು. ಮನೆಯ ಯಜಮಾನ ಗಾರೆ ಮೇಸ್ತ್ರಿ. ಅವನಪ್ಪನೂ ಗಾರೆ ಮೇಸ್ತ್ರಿಯೇ. ಅಪ್ಪ ಮಗನಿಗೆ ಬಿಟ್ಟುಹೋದದ್ದು ರೈಲು ಡಬ್ಬಿಯ ಹಾಗೆ ಉದ್ದಕ್ಕೆ ಚಾಚಿಕೊಂಡ ಒಂದು ಮನೆ, ಹಿತ್ತಲಲ್ಲೊಂದು ಬಾವಿ, ಮತ್ತೆ ಒಂದು ಕಟ್ಟಪ್ಪಣೆ: ತಲೆಗೊಂದು ರಿಂಗು.

ರಿಂಗು ಎಂದರೆ ಒಂದು ಮೊಳ ಎತ್ತರದ ಸಿಮೆಂಟಿನ ಬಳೆ. ಒಂದರ ಮೇಲೊಂದು ಕೂರಿಸಿದರೆ ಗುಂಡಿ. ಮನೆಗೊಂದು ತಲೆ ಹೆಚ್ಚಾಯಿತೋ, ಮೇಸ್ತ್ರಿ ಗುಂಡಿಯನ್ನು ಖಾಲಿ ಮಾಡಿಸಿ ತಳದ ಮಣ್ಣು ಕೆತ್ತಿ ತೆಗೆಯುತ್ತಿದ್ದ. ಇಡೀ ಸಾಲು ಒಂದು ಮೊಳ ಕೆಳಕ್ಕೆ ಜಾರಿ ಕೂರುತ್ತಿತ್ತು. ಮೇಲೆ ತೆರವಾದ ಜಾಗಕ್ಕೆ ಹೊಸ ರಿಂಗು. ಅಗಲ ಮಾಡೋಣವೆಂದರೆ ಆಚೆಗೂ ಗೋಡೆ, ಈಚೆಗೂ ಗೋಡೆ. ಆಳಕ್ಕೆ ಮಾತ್ರ ಯಾರ ಅಡ್ಡಿಯೂ ಇರಲಿಲ್ಲ.

ದೊಡ್ಡಮ್ಮ, ಅಂದರೆ ಮೇಸ್ತ್ರಿಯ ಹೆಂಡತಿ, ಮದುವೆಯಾಗಿ ಬಂದಾಗ ಗುಂಡಿಯಲ್ಲಿ ಇದ್ದದ್ದು ನಾಲ್ಕೇ ರಿಂಗು. ಅತ್ತೆ, ಮಾವ, ಅವರ ಇಬ್ಬರು ಗಂಡುಮಕ್ಕಳು. ಐದನೆಯದು ಅವಳ ಹೆಸರಿನಲ್ಲಿ ಇಳಿಯಿತು. ಆರನೆಯದು ಅವಳ ಮಗನದು. ಏಳನೆಯದು ಮೈದುನನ ಹೆಂಡತಿಯದು. ಮೈದುನ ಬಸ್ ಡ್ರೈವರ್, ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವ ಟೈಲರಮ್ಮ. ಅವರ ಮೂವರು ಮಕ್ಕಳಿಗೆ ಮೂರು ರಿಂಗು. ಕಳೆದ ವರ್ಷ ಮಗನ ಮದುವೆಯಾಗಿ ಸೊಸೆ ಬಂದಾಗ ಹನ್ನೊಂದನೆಯದು. ಮಾವ ಈ ನಡುವೆ ತೀರಿಕೊಂಡಿದ್ದರಿಂದ ಮನೆಯಲ್ಲಿ ಹತ್ತೇ ಜನ, ಆದರೂ ರಿಂಗು ಮಾತ್ರ ಹನ್ನೊಂದು. ಹೋದವರ ರಿಂಗನ್ನು ಮೇಲಕ್ಕೆತ್ತಲು ಬರುತ್ತದೆಯೇ?

ಇದು ಆ ಒಂದು ಮನೆಯ ಸಂಗತಿಯಾಗಿದ್ದರೆ ಕಥೆ ಇಷ್ಟು ದೂರ ಬರುತ್ತಿರಲಿಲ್ಲ. ದೊಡ್ಡಮ್ಮ ಬಂದಾಗ ಬೀದಿಯಲ್ಲಿ ಎಂಟು ಮನೆಗಳಿದ್ದವು. ಈಗ ನಲವತ್ತು. ಗೋಡೆಗೆ ಗೋಡೆ ಅಂಟಿಸಿ, ಒಂದು ಹುಲ್ಲುಕಡ್ಡಿಗೂ ಜಾಗ ಬಿಡದೆ, ಹೊಸದಾಗಿ ಎದ್ದ ಅಷ್ಟನ್ನೂ ಕಟ್ಟಿದವನು ಇದೇ ಮೇಸ್ತ್ರಿ. ಎಲ್ಲ ಮನೆಗೂ ಹಿಂದೆ ಬಾವಿ, ಪಕ್ಕದ ಸಂದಿಯಲ್ಲಿ ಗುಂಡಿ. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮೊದಲು ಸುದ್ದಿ ಬರುವುದು ಮೇಸ್ತ್ರಿಗೆ. "ನಮ್ಮನೇಲಿ ಒಂದು ತಲೆ ಜಾಸ್ತಿ ಆಯ್ತಪ್ಪ, ಒಂದು ರಿಂಗು ಇಳಿಸಿಬಿಡು" ಎನ್ನುವರು. ಮೇಸ್ತ್ರಿ ಮೀಸೆಯಡಿಯಲ್ಲೇ ನಗುತ್ತ ಹಾರೆ ಹೆಗಲಿಗೇರಿಸುವನು. ಅವನ ಅನ್ನವೂ ಅದೇ, ಹೆಸರೂ ಅದೇ.

ಮಳೆಗಾಲ ಮುಗಿದ ವಾರ, ಊಟಕ್ಕೆ ಕೂತಾಗ ಸೊಸೆ ತಟ್ಟೆ ನೋಡುತ್ತ, "ಅತ್ತೆ, ನಂಗೆ ಎರಡು ತಿಂಗಳು" ಎಂದಳು.

ಅಬ್ಬಾ, ಆ ಗಲಾಟೆ! ಮೇಸ್ತ್ರಿಯ ತಾಯಿ, ಮನೆಗೆಲ್ಲ ಅಜ್ಜಿ, ಕೂತಲ್ಲಿಂದಲೇ ಎರಡೂ ಕೈ ಚಾಚಿ ಸೊಸೆಯ ಕೆನ್ನೆ ಸವರಲು ಹೋಗಿ ನೀರಿನ ಲೋಟ ಉರುಳಿಸಿದಳು. ಟೈಲರಮ್ಮ ಈಗಲೇ ಪುಟ್ಟ ಅಂಗಿಯ ಅಳತೆ ಹಾಕಿದಳು. ಮಗ ಎಲೆಕ್ಟ್ರಿಷಿಯನ್, ಕಂಬ ಹತ್ತಲು ಹೆದರದವನು ನಾಚಿಕೊಂಡು ಅನ್ನದೊಳಗೆ ಮುಖ ಹುದುಗಿಸಿದ.

"ನಾಳೇನೇ ರಿಂಗು ತರಿಸ್ತೀನಿ! ಹನ್ನೆರಡನೇದು!" ಎಂದ ಮೇಸ್ತ್ರಿ.

"ಮಗು ಇನ್ನೂ ಹೊಟ್ಟೇಲಿದೆ ಕಣೋ, ಅದಕ್ಕಾಗಲೇ ಪಾಯಿಖಾನೆ ತಯಾರಿ!" ಎಂದು ಅಜ್ಜಿ ಗೊಳ್ಳೆಂದು ನಕ್ಕಳು.

ಎಲ್ಲರೂ ನಗುತ್ತಿರುವಾಗ ಟೈಲರಮ್ಮನ ಕಿರಿಮಗಳು, ನಾಲ್ಕು ವರ್ಷದ ಪುಟ್ಟಿ, ತಿಂದದ್ದನ್ನೆಲ್ಲ ಅಲ್ಲೇ ಕಕ್ಕಿದಳು. ಆ ತಿಂಗಳಲ್ಲಿ ಅದು ಮೂರನೆಯ ಸಲ. ದೊಡ್ಡಮ್ಮ ಎಂಜಲು ಕೈಯಲ್ಲೇ ಎದ್ದು ಮಗುವನ್ನು ಎತ್ತಿಕೊಂಡಳು. ಮೈ ಬಿಸಿಯಿತ್ತು. ಕಣ್ಣು ಗುಳಿಬಿದ್ದಿತ್ತು.

"ಬೀದೀಲಿ ಹಾಳುಮೂಳು ತಿಂದಿರುತ್ತೆ ಬಿಡಿ ಅಕ್ಕ" ಎಂದಳು ಟೈಲರಮ್ಮ, ಒರೆಸುವ ಬಟ್ಟೆ ತರುತ್ತ.

 ಸೊಸೆ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ಪಾತ್ರೆ ತೊಳೆಯುವಾಗ ಅತ್ತೆಯ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು.

"ಅತ್ತೆ, ನಮ್ಮ ಬೀದಿ ಮಕ್ಕಳೇ ಬರ್ತಿದಾರೆ ಆಸ್ಪತ್ರೆಗೆ. ವಾಂತಿ, ಭೇದಿ. ಹೋದ ವಾರ ಆರು, ಈ ವಾರ ಒಂಬತ್ತು. ಬಾವಿ ನೀರು ಒಂದು ಬಾಟ್ಲಿ ಕೊಡಿ. ಪರೀಕ್ಷೆಗೆ ಕಳಿಸ್ತೀನಿ."

"ನಮ್ಮ ಬಾವಿ ನೀರಾ?" ದೊಡ್ಡಮ್ಮನ ಕೈಯಲ್ಲಿದ್ದ ಬಾಣಲೆ ಅಲ್ಲೇ ನಿಂತಿತು. ಮೂವತ್ತು ವರ್ಷ ಅವಳು ಬೆಳಗೆದ್ದು ಮೊದಲು ಮುಖ ಕಂಡದ್ದು ಆ ನೀರಿನಲ್ಲಿ. ಆದರೂ ಬಾಟ್ಲಿ ತುಂಬಿ ಕೊಟ್ಟಳು.

ನಾಲ್ಕು ದಿನಕ್ಕೆ ಕಾಗದ ಬಂತು. ಸೊಸೆ ಅದನ್ನು ಊಟದ ಹೊತ್ತಿಗೆ ಎಲ್ಲರೆದುರಿಗೆ ಓದಿದಳು. ಕುಡಿಯಲು ಯೋಗ್ಯವಲ್ಲ. ಮಲದ ಕ್ರಿಮಿಗಳಿವೆ.

ಯಾರ ತುತ್ತೂ ಬಾಯಿಗೆ ಹೋಗಲಿಲ್ಲ.

"ಥೂ, ಊಟದ ಹೊತ್ತಲ್ಲಿ ಇದನ್ನೆಲ್ಲ ಹೇಳ್ತಾರಾ!" ಎಂದು ಅಜ್ಜಿ ತಟ್ಟೆ ಸರಿಸಿದಳು. "ನನ್ನಿಬ್ಬರು ಮಕ್ಕಳೂ ಇದೇ ನೀರು ಕುಡಿದೇ ಗೂಳಿಗಳ ಹಾಗೆ ಬೆಳೆದಿದ್ದು."

"ಆಗ ಬೀದೀಲಿ ಎಂಟು ಮನೆ ಇತ್ತು ಅಜ್ಜಿ" ಎಂದಳು ಸೊಸೆ.

"ಮನೆ ಎಷ್ಟಿದ್ರೇನೇ, ಬಾವಿ ಅದೇ ಅಲ್ವಾ?"

ಮೇಸ್ತ್ರಿ ಕಾಗದವನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಕಾಗದ ಏನು ಬೇಕಾದ್ರೂ ಹೇಳುತ್ತೆ. ಬಾಟ್ಲಿ ಕೊಳಕಾಗಿರಬೇಕು. ಆ ಬಾವಿ ಕಲ್ಲು ನಮ್ಮಪ್ಪ ಇಟ್ಟಿದ್ದು" ಎಂದವನೇ ಎದ್ದುಹೋಗಿ, ಬಿಂದಿಗೆಯಿಂದ ಒಂದು ಚೊಂಬು ನೀರು ಬಗ್ಗಿಸಿಕೊಂಡು ಎಲ್ಲರ ಮುಂದೆ ಗಟಗಟ ಕುಡಿದ. ಕುಡಿದು, ಮೀಸೆ ಒರೆಸಿಕೊಂಡು, "ನೋಡಿ, ಸತ್ತೆನಾ?" ಎಂದ.

ಅವನಿಗೆ ಮಾರನೆಯ ದಿನವೂ ಏನೂ ಆಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ತೊಂದರೆಯಾದದ್ದೇ ಅದರಿಂದ. ಒಂದು ಸಲ ಹೊಟ್ಟೆ ಹಿಡಿದುಕೊಂಡು ಓಡಾಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ದೊಡ್ಡಮ್ಮ ಕಾಗದ ಓದಬಲ್ಲವಳಲ್ಲ. ಆದರೆ ಅಳೆಯಬಲ್ಲಳು. ಮಧ್ಯಾಹ್ನ ಮನೆ ಖಾಲಿಯಾದಾಗ ಬಾವಿಯ ಹಗ್ಗ ಇಳಿಬಿಟ್ಟು, ಕೊಡ ನೀರು ಮುಟ್ಟಿದ ಕೂಡಲೇ ಹಗ್ಗಕ್ಕೊಂದು ಗಂಟು ಹಾಕಿದಳು. ಮೇಲಕ್ಕೆಳೆದು ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಹಾಕುತ್ತ ಬಂದಳು. ಎಂಟು ಮೊಳ. ಮತ್ತೊಮ್ಮೆ ಹಾಕಿದಳು. ಎಂಟೇ. ಬಾವಿಯಿಂದ ಗುಂಡಿಯ ಮುಚ್ಚಳಕ್ಕೆ ಹೆಜ್ಜೆ ಹಾಕಿದಳು. ಹನ್ನೆರಡು ಹೆಜ್ಜೆ. ಗುಂಡಿ ಎಷ್ಟು ಮೊಳವೆಂದು ಅಳೆಯಬೇಕಾಗಿರಲಿಲ್ಲ. ಒಂದೊಂದು ರಿಂಗೂ ಯಾರದೆಂದು ಅವಳಿಗೆ ಬಾಯಿಪಾಠ. ಮಾವನಿಂದ ಸೊಸೆಯವರೆಗೆ ಹನ್ನೊಂದು.

 ಅವಳು ಬಾವಿಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟಳು.

ಸಂಜೆ ಮೇಸ್ತ್ರಿ ಕೈಕಾಲು ತೊಳೆಯುವಾಗ ಪಕ್ಕದಲ್ಲಿ ನಿಂತು ಕೇಳಿದಳು.

"ರೀ, ಬಾವೀಲಿ ನೀರು ಎಂಟು ಮೊಳಕ್ಕೇ ಸಿಗುತ್ತೆ. ನಮ್ಮ ಗುಂಡಿ ಹನ್ನೊಂದು ಮೊಳ. ಅಂದ್ರೆ ಗುಂಡಿ ಮೂರು ಮೊಳ ನೀರಲ್ಲೇ ನಿಂತಿದೆ ಅಂತಾಯ್ತಲ್ಲ?"

ಮೇಸ್ತ್ರಿಯ ಕೈ ಸೋಪಿನ ಮೇಲೆ ನಿಂತಿತು. ಒಂದೇ ಗಳಿಗೆ. ಆಮೇಲೆ ಮುಖಕ್ಕೆ ನೀರು ಎರಚಿಕೊಂಡ.

"ಮೊಳ ಹಾಕಿ ಮನೆ ಕಟ್ಟೋ ಕೆಲಸ ನಿಂದಾ, ನಂದಾ? ಹೋಗಿ ಅಡುಗೆ ನೋಡು."

"ಅಡುಗೆ ಯಾವ ನೀರಲ್ಲಿ ಮಾಡ್ಲಿ ಹೇಳಿ."

ಮೇಸ್ತ್ರಿ ಉತ್ತರ ಕೊಡದೆ ಒಳಗೆ ಹೋದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಉತ್ತರ ಕೊಡದೆ ಹೋದನೆಂದರೆ ಉತ್ತರ ಇದೆಯೆಂದೇ ಅರ್ಥ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳೂ ಪಟ್ಟು ಹಿಡಿದಳು. ಮಾರನೆಯ ಬೆಳಗ್ಗೆ ಬಾವಿಯ ರಾಟೆಯಿಂದ ಹಗ್ಗ ಬಿಚ್ಚಿ, ಸುತ್ತಿ, ತನ್ನ ಮಂಚದ ಕೆಳಗಿಟ್ಟಳು. ಬಾವಿಯ ಬಾಯಿಗೆ ತಗಡು ಮುಚ್ಚಿ ಅದರ ಮೇಲೆ ಒಳಕಲ್ಲಿನಂಥ ಒಂದು ಕಲ್ಲು ಹೇರಿದಳು.

"ಇವತ್ತಿಂದ ಕುಡಿಯೋಕೆ, ಅಡುಗೆಗೆ ನಲ್ಲಿ ನೀರು. ಸಾಲದಿದ್ರೆ ದೊಡ್ಡ ರಸ್ತೆ ಕೈಪಂಪಿಂದ ಹೊತ್ತು ತರೋದು. ಎಲ್ಲಾರೂ. ಗಂಡಸರೂ."

ನಲ್ಲಿ ನೀರೋ! ಮೂರು ದಿನಕ್ಕೊಮ್ಮೆ, ಒಂದು ತಾಸು. ಎಂಟು ಮನೆಯಿದ್ದಾಗ ಹಾಕಿದ ಪೈಪೇ ಇವತ್ತು ನಲವತ್ತು ಮನೆಗೆ. ಬೀದಿಯ ಆಚೆ ತುದಿಯವರು ನಲ್ಲಿ ತಿರುಗಿಸಿದರೆ ಈಚೆ ತುದಿಯಲ್ಲಿ ಬರೀ ಗಾಳಿ ಸುಯ್ಯೆನ್ನುತ್ತಿತ್ತು. ಕೈಪಂಪಿನ ಮುಂದೆ ಬೆಳಗ್ಗೆ ಐದಕ್ಕೇ ಸಾಲು. ದೊಡ್ಡಮ್ಮ ಸಾಲಿನಲ್ಲಿ ನಿಂತಳು, ಮಗ ಹೊತ್ತ, ಮೈದುನ ಬಸ್ಸಿಗೆ ಹೋಗುವ ಮುಂಚೆ ಎರಡು ಕ್ಯಾನು ಗೊಣಗುತ್ತ ತಂದಿಟ್ಟ. ತಂದ ನೀರನ್ನೂ ಕುದಿಸಬೇಕು. ತಿಂಗಳು ಬರುತ್ತಿದ್ದ ಗ್ಯಾಸು ಹದಿನೈದು ದಿನಕ್ಕೇ ಮುಗಿಯಿತು. ಬಟ್ಟೆ ವಾರಕ್ಕೊಮ್ಮೆ ಒಗೆಯುವುದೆಂದಾಯಿತು. ಸ್ನಾನ ದಿನ ಬಿಟ್ಟು ದಿನ.

ಮೇಸ್ತ್ರಿ ಮಾತ್ರ ಹಟಕ್ಕೆ ಪಕ್ಕದ ಮನೆ ಬಾವಿಯಿಂದ ನೀರು ತರಿಸಿಕೊಂಡು ಕುಡಿಯುತ್ತಿದ್ದ. ಊಟದಲ್ಲಿ ಗಂಡ ಹೆಂಡತಿಗೆ ಮಾತಿಲ್ಲ. "ಉಪ್ಪು ಬೇಕು ಅಂತ ಹೇಳು ನಿಮ್ಮತ್ತೆಗೆ" ಎಂದು ಅವನು ಸೊಸೆಗೆ ಹೇಳುವನು. "ಉಪ್ಪು ಎದುರಿಗೇ ಇದೆ, ಕಣ್ಣಿದ್ರೆ ಕಾಣುತ್ತೆ ಅಂತ ಹೇಳು ನಿಮ್ಮ ಮಾವಂಗೆ" ಎಂದು ಇವಳು. ಸೊಸೆ ನಡುವೆ ಕೂತು ಯಾರಿಗೂ ಏನೂ ಹೇಳದೆ ಉಪ್ಪು ದಾಟಿಸುವಳು.

ಎರಡನೆಯ ವಾರದಲ್ಲಿ ಟೈಲರಮ್ಮ ಸಿಡಿದಳು. ಮಕ್ಕಳ ಶಾಲೆಯ ಬಟ್ಟೆಗಳು ರಾಶಿ ಬಿದ್ದಿದ್ದವು.

"ಅಕ್ಕ, ಹಗ್ಗ ಕೊಡಿ. ಬಟ್ಟೆಗಾದ್ರೂ ಸೇದ್ಕೋತೀನಿ."

"ಬಟ್ಟೆಗೆ ಅಂತ ಸೇದಿದ ನೀರನ್ನೇ ಮಕ್ಕಳು ಬಾಯಿಗೆ ಹಾಕ್ಕೋತಾರೆ. ಬೇಡ."

"ಹೌದೌದು, ಎಲ್ಲದಕ್ಕೂ ನನ್ನ ಮಕ್ಕಳೇ! ತಲೆ ಎಣಿಸ್ತಾ ಎಣಿಸ್ತಾ ಎಲ್ಲಿಗೆ ಬಂದು ನಿಲ್ತೀರ ಅಂತ ನಂಗೊತ್ತಿಲ್ವಾ? ನಿಮಗೆ ಒಂದೇ ಮಗ. ನಂದು ಮೂರು. ಅದೇ ಜಾಸ್ತಿ ಆಗಿದ್ದು ತಾನೇ? ಹೊರಗೆ ಹೋಗಿ ಅಂತ ನೇರವಾಗಿ ಹೇಳಿಬಿಡಿ!"

ದೊಡ್ಡಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆ ಮೂರೂ ಮಕ್ಕಳ ಮೊದಲ ಸ್ನಾನ ಮಾಡಿಸಿದ್ದು ಅವಳ ಕೈ. ಕಣ್ಣು ತುಂಬಿ ಬಂದರೂ ಹಗ್ಗ ಕೊಡಲಿಲ್ಲ.

"ನಿನ್ನ ಮೂರರಲ್ಲಿ ಒಂದೂ ಜಾಸ್ತಿ ಅಲ್ಲ ಕಣೇ. ಮೂರೂ ಬೇಕು ಅಂತಲೇ ಹಗ್ಗ ಬಿಚ್ಚಿಟ್ಟಿದ್ದು. ಬೈಕೋ, ಎಷ್ಟು ಬೇಕಾದ್ರೂ ಬೈಕೋ. ಮೊದಲು ಆ ಬಟ್ಟೆ ಕೊಡು, ಕೈಪಂಪಿನ ಹತ್ರಾನೇ ಒಗೆದುಕೊಂಡು ಬರ್ತೀನಿ."

ಟೈಲರಮ್ಮ ಮುಖ ಊದಿಸಿಕೊಂಡು ಒಳಗೆ ಹೋದಳು. ಬಟ್ಟೆಯನ್ನು ಕೊಡಲೂ ಇಲ್ಲ. ಮಧ್ಯಾಹ್ನ ದೊಡ್ಡಮ್ಮ ಪೇಟೆಗೆ ಹೋದದ್ದೇ ತಡ, ಪಕ್ಕದ ಮನೆಯಿಂದ ನಾಲ್ಕು ಕೊಡ ಸೇದಿ ತಂದು ಒಗೆದಳು. ಬಾಯಾರಿದ ಪುಟ್ಟಿ ಅದರಲ್ಲೇ ಒಂದು ಲೋಟ ಅದ್ದಿ ಕುಡಿದಳು. ಇದು ಗೊತ್ತಾದದ್ದು ಮೂರು ದಿನದ ಮೇಲೆ. ಅಷ್ಟರಲ್ಲಿ ಪುಟ್ಟಿ ಆಸ್ಪತ್ರೆಯಲ್ಲಿದ್ದಳು.

ಮಂಚ ಸಾಲದೆ ಒಂದೊಂದರ ಮೇಲೆ ಇಬ್ಬಿಬ್ಬರು ಮಕ್ಕಳು. ಪುಟ್ಟಿಯ ಜೊತೆಗೆ ಮಲಗಿದ್ದವನು ಇದೇ ಬೀದಿಯ ದರ್ಜಿ ಅಂಗಡಿಯವನ ಮಗ. ಕಡ್ಡಿಯಂಥ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದ್ದರು. ಟೈಲರಮ್ಮ ಗೋಡೆಗೊರಗಿ ಕೂತು, "ಅಕ್ಕ, ನಾನೇ ತಂದೆ ಅಕ್ಕ ಆ ನೀರು" ಎಂದು ಗೋಳೋ ಎಂದು ಅತ್ತಳು. ದೊಡ್ಡಮ್ಮ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು.

ಮೇಸ್ತ್ರಿಯೂ ಬಂದಿದ್ದ. ಮಂಚದ ಕಾಲ ಹತ್ತಿರ ನಿಂತು ಮಗುವಿನ ಪಾದ ಹಿಡಿದುಕೊಂಡವನು ಬಿಡಲೇ ಇಲ್ಲ. ಪುಟ್ಟಿ ಒಮ್ಮೆ ಕಣ್ಣು ಬಿಟ್ಟು, "ದೊಡ್ಡಪ್ಪ, ನೀರು" ಎಂದಳು. ಮೇಸ್ತ್ರಿ ಸುತ್ತ ನೋಡಿದ, ಹೆಂಡತಿಯನ್ನು ನೋಡಿದ, ಬಾಗಿಲು ದಾಟಿ ಹೊರಗೆ ಹೋದ.

ಐದು ದಿನಕ್ಕೆ ಪುಟ್ಟಿ ಮನೆಗೆ ಬಂದಳು. ಅದೇ ಸಂಜೆ ಪಕ್ಕದ ಮನೆಯ ಚಹಾ ಅಂಗಡಿಯಾಕೆ ಬಾಗಿಲಿಗೆ ಬಂದಳು. ಬೀದಿಯಲ್ಲೇ ದೊಡ್ಡ ಬಾಯಿ ಅವಳದು. ಅವಳ ಮಗಳಿಗೆ ಅವಳಿ ಮಕ್ಕಳಾಗಿದ್ದವು.

"ಮೇಸ್ತ್ರೀ, ಒಂದಲ್ಲ, ಎರಡು! ಎರಡು ರಿಂಗು ಇಳಿಸ್ಬೇಕಪ್ಪ. ಬಾಣಂತಿ ಬರೋದ್ರೊಳಗೆ ಆಗ್ಬೇಕು."

"ಆಗ್ಲಿ ತಾಯಿ. ಸೋಮವಾರ ಬರ್ತೀನಿ" ಎಂದ ಮೇಸ್ತ್ರಿ. 

ಅವಳು ಅತ್ತ ಹೋದಳೋ ಇಲ್ಲವೋ, ದೊಡ್ಡಮ್ಮ ಇತ್ತ ಬಂದಳು. ಹದಿನೆಂಟು ದಿನದಲ್ಲಿ ಮೊದಲ ಬಾರಿಗೆ ಗಂಡನ ಮುಖಕ್ಕೆ ನೇರ ಮಾತಾಡಿದಳು.

"ಸೋಮವಾರ ಹೋಗ್ತೀರಾ?"

"ಹೋಗ್ದೆ? ಕೆಲಸ ಅಲ್ವಾ?"

"ಗೊತ್ತಿದ್ದೂ ಹೋಗ್ತೀರಾ ಅಂತ ಕೇಳ್ತಿದೀನಿ."

ಮೇಸ್ತ್ರಿ ಮುಂಭಾಗದ ಕೋಣೆಯಲ್ಲಿ ಕೂತಿದ್ದ. ಆ ಕೋಣೆ ಅವನ ಹೆಮ್ಮೆ. ಎರಡು ವರ್ಷದ ಹಿಂದೆ ತನ್ನ ಕೈಯಾರೆ ಕಟ್ಟಿ, ನೆಲಕ್ಕೆ ಮೂರು ಬಣ್ಣದ ಕಲ್ಲು ಹಾಸಿ, ಕನ್ನಡಿಯ ಹಾಗೆ ಉಜ್ಜಿದ್ದ. ಮನೆ ಕಟ್ಟಿಸುವವರನ್ನು ಅಲ್ಲೇ ಕೂರಿಸುತ್ತಿದ್ದ. ಅವರು ನೆಲ ನೋಡಿಯೇ ಮುಂಗಡ ಕೊಟ್ಟುಬಿಡುತ್ತಿದ್ದರು. ಈಗ ಆ ನೆಲವನ್ನೇ ನೋಡುತ್ತ ಹೇಳಿದ.

"ಪುಟ್ಟಿ ರಿಂಗು ಇಳಿಸೋವಾಗ್ಲೇ ತಳದಲ್ಲಿ ನೀರು ಜಿನುಗ್ತು ಕಣೇ."

ದೊಡ್ಡಮ್ಮ ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ಎರಡು ಬಾಂಡ್ಲಿ ಜಲ್ಲಿ ಸುರಿದು ಮುಚ್ಚಿಬಿಟ್ಟೆ. ಸೊಸೆ ರಿಂಗಿಗೆ ಇನ್ನೂ ಜಾಸ್ತಿ ಬಂತು. ಮತ್ತೆ ಜಲ್ಲಿ ಸುರಿದೆ. ಅಪ್ಪ ಹೇಳಿದ ಲೆಕ್ಕ ತಪ್ಪಾಗುತ್ತೆ ಅಂತ ಅನ್ನಿಸ್ಲಿಲ್ಲ. ಅನ್ನಿಸಿದ್ರೂ... ಎಲ್ಲರ ಮನೇಲೂ ಅದನ್ನೇ ಮಾಡ್ಬಿಟ್ಟಿದ್ನಲ್ಲ."

"ನಾಲ್ಕು ವರ್ಷದಿಂದ ಗೊತ್ತಾ ನಿಮಗೆ?" ಅವಳಿಗೆ ಸಿಟ್ಟು ನೆತ್ತಿಗೇರಿತ್ತು, ಎದುರಿಗೆ ಕೂತವನು ಗಂಡನಲ್ಲದಿದ್ದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು. "ಮಗು ಕಕ್ಕೋವಾಗಲೆಲ್ಲ ಗೊತ್ತಿತ್ತಾ? ಚೊಂಬು ಎತ್ತಿ ಕುಡಿದ್ರಲ್ಲ ನಮ್ಮೆದುರಿಗೆ, ಆವಾಗ್ಲೂ ಗೊತ್ತಿತ್ತಾ?"

"ಕುಡಿದ್ರೆ ನಂಗೇ ಏನಾದ್ರೂ ಆಗ್ಲಿ ಅಂತ ಕುಡಿದೆ" ಎಂದ ಮೇಸ್ತ್ರಿ. ಕಣ್ಣಲ್ಲಿ ನೀರಿತ್ತು. "ಆಗ್ಲಿಲ್ಲ."

ಬಾಗಿಲ ಹತ್ತಿರ ಸೊಸೆ ನಿಂತಿದ್ದಳು. ಅವಳ ಹಿಂದೆ ಅಜ್ಜಿ, ಡ್ರೈವರ್, ಟೈಲರಮ್ಮ. ಗೋಡೆಗೆ ಕಿವಿಯಿಟ್ಟವರೆಲ್ಲ ಈಗ ಒಳಗೇ ಬಂದರು.

"ಮಾವ, ಮಾಡೋಕೆ ದಾರಿ ಇದೆ" ಎಂದಳು ಸೊಸೆ. "ನಮ್ಮ ಆಸ್ಪತ್ರೆ ಹೆಲ್ತ್ ಇನ್‌ಸ್ಪೆಕ್ಟರನ್ನ ಕೇಳ್ದೆ. ಗುಂಡಿ ಆಳ ಇರಬಾರ್ದಂತೆ. ಮೂರು ಮೊಳ ಸಾಕು, ಅಗಲ ಇರ್ಬೇಕು. ಜೋಡಿ ಗುಂಡಿ. ಒಂದು ತುಂಬಿದ್ರೆ ಇನ್ನೊಂದು. ಬಾವಿಯಿಂದ ಮೂವತ್ತು ಹೆಜ್ಜೆಯಾದ್ರೂ ದೂರ."

"ಮೂವತ್ತು ಹೆಜ್ಜೆ ಅಂದ್ರೆ ಇಲ್ಲಿಗೆ ಬಂತು" ಎಂದು ಡ್ರೈವರ್ ಕಾಲಿನ ಕೆಳಗಿನ ನೆಲ ತೋರಿಸಿದ. ಮೂರು ಬಣ್ಣದ ನೆಲ.

 ಅಜ್ಜಿ ಮಗನ ಮುಖ ನೋಡಿದಳು. ಗಂಡ ಹಾಕಿಕೊಟ್ಟ ಲೆಕ್ಕ, ಮಗ ಕಟ್ಟಿದ ಕೋಣೆ. ಅವಳ ಬಾಯಿಂದ ಏನು ಬರುತ್ತದೋ ಎಂದು ಎಲ್ಲರಿಗೂ ಭಯ.

"ಒಡಿ" ಎಂದಳು ಅಜ್ಜಿ. "ನಿಮ್ಮಪ್ಪ ನಾಲ್ಕು ತಲೆಗೆ ಹೇಳಿದ ಮಾತು ಕಣೋ ಅದು. ಅವರಿಗೇನು ಗೊತ್ತಿತ್ತು, ನೀವು ಹೀಗೆ ಬೆಳೀತೀರ ಅಂತ."

ಮೇಸ್ತ್ರಿ ತಲೆಯಾಡಿಸಿದ.  "ಒಡೀತೀನಿ. ಆದ್ರೆ ಬೀದಿಯವರು ಕೇಳಿದ್ರೆ, ಮಗನ ಬೈಕ್ ನಿಲ್ಸೋಕೆ ಜಾಗ ಅಂತ ಹೇಳೋಣ. ನಮ್ಮನೆ ಸರಿಯಾದ್ರೆ ಸಾಕಲ್ಲ. ಉಳಿದಿದ್ದು ಹೇಗೋ ನಡೆಯುತ್ತೆ."

ದೊಡ್ಡಮ್ಮ ಅವನ ಮುಂದೆ ನೆಲದ ಮೇಲೇ ಕೂತಳು.

"ಚಹಾ ಅಂಗಡಿಯವಳ ಗುಂಡಿ ನಮ್ಮ ಬಾವಿಯಿಂದ ಎಷ್ಟು ಹೆಜ್ಜೆ? ಗೋಡೆ ಆಚೆ ಒಂಬತ್ತು. ನೀವು ಸೋಮವಾರ ಇಳಿಸೋ ರಿಂಗು ಸೇರಿದ್ರೆ ಅದೆಷ್ಟು ಮೊಳ? ಹದಿಮೂರು. ಮೇಲೆ ನೀವು ಕಾಂಪೌಂಡು ಕಟ್ಟಿದೀರ, ಸರಿ. ಕೆಳಗೆ ಕಟ್ಟಿದೀರಾ? ನಮ್ಮದೊಂದು ಗುಂಡಿ ಮುಚ್ಚಿದ್ರೆ ಬಾವಿ ಸರಿಹೋಗುತ್ತಾ? ನಲವತ್ತೂ ಮನೆಗೆ ಹೇಳ್ಬೇಕು. ನೀವೇ ಹೇಳ್ಬೇಕು."

"ಹೇಳಿದ್ರೆ ಮತ್ತೆ ಯಾರು ನನ್ನ ಕೈಗೆ ಕರಣಿ ಕೊಡ್ತಾರೆ? ಕಲ್ಲು ತಗೊಂಡು ಹೊಡೀತಾರೆ!"

"ಹೊಡೀಲಿ. ನಾನೂ ಪಕ್ಕದಲ್ಲೇ ನಿಲ್ತೀನಿ. ಆದ್ರೆ ಆ ಕೂಸುಗಳ ಹೆಸರಲ್ಲಿ ನೀವು ಇನ್ನೊಂದು ರಿಂಗು ಇಳಿಸೋದಾದ್ರೆ, ಈ ಮನೇಲಿ ನಿಮಗೆ ತಟ್ಟೆ ಇಡೋಳು ನಾನಲ್ಲ."



ಭಾನುವಾರ ಬೆಳಗ್ಗೆ ಮೇಸ್ತ್ರಿ ಸುತ್ತಿಗೆ ಎತ್ತಿದ. ಮೂವತ್ತೈದು ವರ್ಷ ಬರೀ ಕಟ್ಟಿದ ಕೈ. ಮೊದಲ ಏಟು ಗೋಡೆಗೆ ತಾಗಲೇ ಇಲ್ಲ, ಗಾಳಿಯಲ್ಲೇ ನಿಂತಿತು. ಎರಡನೆಯದಕ್ಕೆ ಗಾರೆ ಉದುರಿತು. ಮಗ ಇನ್ನೊಂದು ಕಡೆಯಿಂದ ಹಾರೆ ಹಾಕಿದ. ಡ್ರೈವರ್ ಇಟ್ಟಿಗೆ ಜೋಡಿಸಿಟ್ಟ. ದೊಡ್ಡಮ್ಮ, ಟೈಲರಮ್ಮ ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಣ್ಣು ಹೊತ್ತರು. ಸೊಸೆಗೆ ಯಾರೂ ಬುಟ್ಟಿ ಮುಟ್ಟಲು ಬಿಡಲಿಲ್ಲ. ಅವಳು ಬಾಗಿಲಲ್ಲಿ ಕೂತು ಪುಟ್ಟಿಗೆ ಕುದಿಸಿದ ನೀರು ಚಮಚದಲ್ಲಿ ಕುಡಿಸುತ್ತಿದ್ದಳು.

ಹತ್ತು ಗಂಟೆಗೆ ಬೀದಿಯೇ ನೆರೆಯಿತು. ಮೇಸ್ತ್ರಿ ತನ್ನ ಮನೆಯನ್ನೇ ಒಡೆಯುತ್ತಿದ್ದಾನೆಂದರೆ ಸುಮ್ಮನಿರುತ್ತಾರೆಯೇ?

"ಏನಪ್ಪ ಇದು, ಇಷ್ಟು ಚೆಂದದ ಕೋಣೆ! ಹುಚ್ಚು ಹಿಡೀತಾ?" ಚಹಾ ಅಂಗಡಿಯಾಕೆ ಎಲ್ಲರಿಗಿಂತ ಮುಂದೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. ಬೆವರು ಒರೆಸಿಕೊಂಡ. "ಮಗನ ಬೈಕು..." ಎಂದವನು ನಿಂತ. ದೊಡ್ಡಮ್ಮ ತುಂಬಿದ ಬುಟ್ಟಿಯನ್ನು ಹೊತ್ತುಕೊಂಡೇ ನಿಂತಿದ್ದಳು. ಕುತ್ತಿಗೆ ನೋಯುತ್ತಿದ್ದರೂ ಇಳಿಸಲಿಲ್ಲ. 

"ಬೈಕಿಗಲ್ಲ" ಎಂದ ಮೇಸ್ತ್ರಿ. "ಗುಂಡಿಗೆ. ನಮ್ಮ ಹಳೇ ಗುಂಡಿ ಬಾವಿ ನೀರಿಗೆ ತಾಗಿದೆ. ಬಾವಿ ಕೆಟ್ಟಿದೆ. ಮಕ್ಕಳು ಮಲಗಿದ್ದು ಅದಕ್ಕೇ."

"ಅಯ್ಯೋ ದೇವ್ರೇ, ನಿಮ್ಮನೆ ಬಾವಿ ಕೆಟ್ಟಿದ್ಯಾ?"

"ನಿಮ್ಮದೂ ಕೆಟ್ಟಿದೆ ತಾಯಿ. ಎಲ್ಲರದೂ. ನಲವತ್ತು ಗುಂಡಿಗೂ ಕೈ ಹಾಕಿದ್ದು ನಾನೇ. ಆಳಕ್ಕೆ ಇಳಿಸ್ತಾ ಹೋಗಿದ್ದೂ ನಾನೇ. ನೀರು ಜಿನುಗಿದ್ದು ಕಂಡಿತ್ತು. ಕಂಡೂ ಮುಚ್ಚಿಟ್ಟೆ. ತಪ್ಪು ನಂದು."

 ಎಲ್ಲ ಬಾಯಿಗಳೂ ಒಟ್ಟಿಗೇ ತೆರೆದವು. ದರ್ಜಿ ಅಂಗಡಿಯವನು ಇಟ್ಟಿಗೆ ಚೂರೊಂದನ್ನು ಕೈಗೆತ್ತಿಕೊಂಡು, ನೋಡಿ, ಮತ್ತೆ ಕೆಳಗೆಸೆದ. ಚಹಾ ಅಂಗಡಿಯಾಕೆ ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. "ಆ ಹಸುಗೂಸುಗಳ ಹೆಸರಲ್ಲಿ ನಾಳೆ ಎರಡು ಇಳಿಸ್ತೀನಿ ಅಂದಿದ್ಯಲ್ಲೋ, ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ಎದೆ ಬಡಿದುಕೊಂಡು ಹೋದಳು. ಒಬ್ಬೊಬ್ಬರೇ ಚದುರಿದರು. ಮುಂದಿನ ತಿಂಗಳು ಮಹಡಿ ಕಟ್ಟಿಸಬೇಕೆಂದಿದ್ದ ಮೂಲೆಮನೆಯವನು ಮುಂಗಡ ವಾಪಸು ಕೇಳಿ, ತೆಗೆದುಕೊಂಡೇ ಹೋದ.

ಮೇಸ್ತ್ರಿ ಒಡೆದ ಗೋಡೆಯ ಮೇಲೆ ಕೂತ.

"ಮುಗೀತು. ನಾಳೆಯಿಂದ ನಂಗೆ ಕೆಲಸ ಇಲ್ಲ."

ದೊಡ್ಡಮ್ಮ ಆಗ ಬುಟ್ಟಿ ಇಳಿಸಿದಳು. ಕೈಕೊಡವಿಕೊಂಡು ಅವನ ಪಕ್ಕದಲ್ಲೇ ಕೂತಳು.

"ಕೆಲಸ ಇಲ್ದೆ ಏನು? ಇವತ್ತು ಬಂದೋರು ಹದಿನೈದು ಮನೆಯವರು. ಇಪ್ಪತ್ನಾಲ್ಕು ಮನೆಗೆ ಇನ್ನೂ ಗೊತ್ತೇ ಇಲ್ಲ. ಆ ನೀರನ್ನೇ ಕುಡೀತಿದಾರೆ."

ಸೋಮವಾರ ಬೆಳಕು ಹರಿಯುತ್ತಲೇ ಮೇಸ್ತ್ರಿ ಒಗೆದ ಅಂಗಿ ತೊಟ್ಟ. ದೊಡ್ಡಮ್ಮ ಚಪ್ಪಲಿ ಮೆಟ್ಟಿದಳು. ಚಹಾ ಅಂಗಡಿ ದಾಟುವಾಗ ಆಕೆ ಒಲೆಯ ಮುಂದಿನಿಂದ ತಲೆಯೆತ್ತಲಿಲ್ಲ. ಇವರು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಅವಳ ದನಿ ಬೆನ್ನಿಗೆ ಬಿತ್ತು.

"ನಮ್ಮನೇದು ಎಲ್ಲಿ ತೋಡ್ತೀಯೋ? ಮುಂದೆ ಅಂಗಡಿ ಇದೆ."

ಮೇಸ್ತ್ರಿ ತಿರುಗಿದ. "ಅಂಗಡಿ ಒಂದು ಪಕ್ಕ ಒಡೀಬೇಕು ತಾಯಿ. ಕೂಲಿ ಬೇಡ. ನಾನೇ ಮಾಡಿಕೊಡ್ತೀನಿ."

"ಕೂಲಿ ಕೇಳಿ ನೋಡು, ಕೆನ್ನೆಗೆ ಬಾರಿಸ್ತೀನಿ" ಎಂದಳು ಆಕೆ. "ಬಾಣಂತಿ ಗುರುವಾರ ಬರ್ತಾಳೆ. ಅಷ್ಟರೊಳಗೆ ಆಗ್ಬೇಕು."

ಮುಂದಿನದು ಬೀದಿಯ ತುದಿಯ ಮನೆ. ಒಳಗೆ ಯಾವುದೋ ಮಗು ಅಳುತ್ತಿತ್ತು. ಮೇಸ್ತ್ರಿ ಬಾಗಿಲ ಮುಂದೆ ನಿಂತ. ಆ ಬಾಗಿಲಿನ ಚೌಕಟ್ಟು ಕೂರಿಸಿದವನೂ ಅವನೇ. ಕೈಯೆತ್ತಿದವನು ಒಮ್ಮೆ ಹೆಂಡತಿಯ ಕಡೆ ನೋಡಿದ. ಅವಳು ಗಲ್ಲ ಅಲ್ಲಾಡಿಸಿ ಬಾಗಿಲು ತೋರಿಸಿದಳು. ಅವನು ತಟ್ಟಿದ. ತೆರೆದವಳು ಚಿಕ್ಕ ಪ್ರಾಯದ ಹುಡುಗಿ. ಕಂಕುಳಲ್ಲಿ ಮಗು, ಕೈಯಲ್ಲಿ ನೀರಿನ ಲೋಟ.

"ಆ ಲೋಟ ಕೆಳಗಿಡಮ್ಮ" ಎಂದ ಮೇಸ್ತ್ರಿ. "ಮಗೂಗೆ ಕುಡಿಸ್ಬೇಡ. ನಾನು ಒಂದು ತಪ್ಪು ಮಾಡಿದೀನಿ, ಹೇಳೋಕೆ ಬಂದೆ."